ಬಾಣಂತಿ ಖೋಲಿಗೆ ಬಿದ್ದ ಸುತ್ತಿಗೆ

ನನ್ನ ಮೊದಲ ಮೊಮ್ಮಗಳು ಹುಟ್ಟೋ ಮೊದಲು ನಮ್ಮ ಮನಿ ಏಟು ತಿಂತು. ಗೋಡೆಗೆ ಸುತ್ತಿಗೆ ಬಿತ್ತು, ಕಿಂಡಿಗೆ ಕಬ್ಬಿಣದ ಹಾರಿ ಬಿತ್ತು, ಅಳಿಯನ ಕೆನ್ನೆಗೆ ಮಾವನ ಕೈ ಬಿತ್ತು, ಕಡೆಗೆ ಮಾಳಿಗೆಯೇ ಬಿತ್ತು. ಆ ಹುಡುಗಿ ಈಗ ನನ್ನ ಹೆಗಲ ತನಕ ಬೆಳೆದಿದ್ದಾಳೆ. ಬಾಗಿಲಲ್ಲಿ ಆಕೆಯ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಒಲೆ ಮೇಲಿಟ್ಟದ್ದು ಹೊತ್ತಿ ಕರಕಾದರೂ ನನಗೆ ಖಬರ್ ಇರುವುದಿಲ್ಲ. ಆಕೆಯ ಬಗ್ಗೆ ಬರೀಬೇಕಂತ ಕೂತರೆ ಮೊದಲು ಆ ಹೊಡೆದಾಟವೇ ಕೈಗೆ ಬರುತ್ತದೆ. ಮೂರನೇ ಇಯತ್ತೆ ತನಕ ಕಲಿತ ಕೈ ಇದು. ಸಾಲು ಸೊಟ್ಟ ಹೋದರೆ ಓದುವವರು ನೇರ ಮಾಡಿಕೊಳ್ಳಬೇಕು.

ನಮ್ಮದು ಕಮಲಾಪುರ. ಕೆಂಪು ಬಾಳೆಯ ತೋಟ, ಊರೊಳಗೆ ಹಿರಿಯರು ಕಟ್ಟಿಸಿದ ಮಾಳಿಗೆ ಮನಿ. ಮಾರುದ್ದ ದಪ್ಪದ ಕಲ್ಲಿನ ಗೋಡೆ, ಕಲ್ಲಿನ ನಡುವೆ ಕೆಸರು. ಮೇಲೆ ಕಟ್ಟಿಗೆಯ ತೊಲಿ, ತೊಲಿ ಮೇಲೆ ಜಂತಿ, ಜಂತಿ ಮೇಲೆ ಹಲಗಿ, ಹಲಗಿ ಮೇಲೆ ಮಣ್ಣು. ಬೇಸಿಗೆಯಲ್ಲಿ ಒಳಗೆ ಬಂದರೆ ಗಡಿಗೆ ನೀರಿನ ಹಾಗೆ ತಂಪು. ಒಬ್ಬಳೇ ಮಗಳನ್ನು ಕಲಬುರಗಿಗೆ ಕೊಟ್ಟಿದ್ದೆವು. ಅಳಿಯ ಕಪನೂರಿನ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಕಬ್ಬಿಣ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಒಪ್ಪದ ಮನುಷ್ಯ. ಮಾತು ಕಡಿಮೆ, ಹಟ ಭಾಳ.

ಮಹಾರಾಷ್ಟ್ರದ ಕಿಲ್ಲಾರಿ ಕಡೆ ಭೂಮಿ ನಡುಗಿ ಊರಿಗೆ ಊರೇ ಮಲಗಿತಲ್ಲ, ಆಗ ಈ ಅಳಿಯ ತನ್ನ ಜೊತೆಯವರ ಕೂಡ ಲಾರಿಯಲ್ಲಿ ರೊಟ್ಟಿ, ಕಂಬಳಿ ಹಾಕಿಕೊಂಡು ಹೋಗಿದ್ದ. ಅಲ್ಲಿ ಕಲ್ಲು ಎತ್ತಿದ, ಹೆಣ ಎತ್ತಿದ. ನೆಲ ಯಾರನ್ನೂ ಕೊಂದಿಲ್ಲ, ಮಲಗಿದವರ ಮೇಲೆ ಬಿದ್ದ ಗೋಡೆ ಮತ್ತು ಮಣ್ಣಿನ ಮಾಳಿಗೆ ಕೊಂದವು ಅಂತ ಬಂದು ಹೇಳಿದ. ಹೇಳಿದ್ದು ಅಷ್ಟೇ. ಆದರೆ ಅವತ್ತಿನಿಂದ ನಮ್ಮ ಮನಿಗೆ ಬಂದಾಗೆಲ್ಲ ಕೂರುವ ಮೊದಲು ತಲೆ ಎತ್ತಿ ನೋಡುವುದೇ ಒಂದು ಚಾಳಿ ಆಯಿತು.

“ನಮ್ಮ ಮಾರಿ ನೋಡಂಗಿಲ್ಲ, ಜಂತಿ ಎಣಸ್ತಾನ. ಇವನೇನು ಅಳಿಯನೋ ಹಕ್ಕಿನೋ?” ಅಂತ ನಮ್ಮ ಮನಿಯವರು ಒಳಗೊಳಗೇ ಹಲ್ಲು ಕಡಿಯುತ್ತಿದ್ದರು.

ಮರುವರ್ಷ ಮಗಳು ಬಸುರಾದಳು. ಕಲಬುರಗಿಗೆ ಹೋಗಿ ಕುಬಸದ ಕಾರ್ಯ ಮಾಡಿದೆವು. ಹಸಿರು ಸೀರಿ ಉಡಿಸಿದೆವು, ಹಸಿರು ಬಳಿ ತೊಡಿಸಿದೆವು. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು. ಅದು ನನ್ನ ಹಕ್ಕು. ಕೂಸಿಗೆ ಮೊದಲ ಎಣ್ಣಿ ಹಚ್ಚುವ ಕೈ ನನ್ನದಾಗಬೇಕು ಅಂತ ಎಷ್ಟೋ ದಿನದಿಂದ ಕಾದಿದ್ದೆ. ಗಂಟು ಕಟ್ಟಿಕೊಂಡು ಮಗಳನ್ನು ಕರೆದುಕೊಂಡು ಹೊರಡಬೇಕು, ಆಗ ಅಳಿಯ ಅಂದ:

“ಅತ್ತಿ, ತಪ್ಪು ತಿಳೀಬ್ಯಾಡ್ರಿ. ಒಬ್ಬರು ಇಂಜಿನಿಯರ್ ಅದಾರ, ನನಗ ಗುರ್ತು. ಮನಿ ತಪಾಸಣಿ ಮಾಡೂದೇ ಅವರ ಉದ್ಯೋಗ. ಅವರು ಬಂದು ನಿಮ್ಮ ಮನಿ ನೋಡ್ಲಿ. ಹೂಂ ಅಂದ್ರ ನಾನೇ ಇಕಿನ್ನ ತಂದು ಬಿಡ್ತೀನಿ.”

“ಇಲ್ಲ ಅಂದ್ರ?” ಅಂತ ನಮ್ಮ ಮನಿಯವರು ಕೇಳಿದರು.

“ಇಲ್ಲ ಅಂದ್ರ ಹೆರಿಗಿ ಇಲ್ಲೇ ಆಗ್ತದ, ಬಾಣಂತನಾನೂ ಇಲ್ಲೇ.”

ಬಸ್ಸಿನಲ್ಲಿ ಬರುವಾಗ ನಮ್ಮ ಮನಿಯವರು ಮುಂದಿನ ಸೀಟಿಗೆ ಗುದ್ದಿ ಗುದ್ದಿ, ಅದರಲ್ಲಿ ಕೂತಿದ್ದವ ಎದ್ದು ಬೇರೆ ಕಡೆ ಹೋದ. “ಹೆಣ್ಣು ಕೊಡುವಾಗ ನಾವು ಅವನ ಮನಿ ತಪಾಸಣಿ ಮಾಡಿದ್ವೇನು?”

“ಮಾಡಿದ್ರಲ್ಲ” ಅಂದೆ. “ಅವರ ನಳದ ನೀರು ಕುಡದು ಸವಳದ ಅಂದ್ರಿ. ಪಾಯಖಾನಿ ಬಾಗಲಾ ತಗದು ನೋಡಿದ್ರಿ.”

“ಅದು ಬ್ಯಾರೆ!”

ನನಗೆ ಮಾತ್ರ ಒಂದೇ ಚಿಂತೆ. ಬರುವವ ಇಲ್ಲ ಅಂದುಬಿಟ್ಟರೆ ಕೂಸು ನನ್ನ ಕೈಗೆ ಸಿಗುವುದಿಲ್ಲ. ಅದಕ್ಕೇ ಮನಿಯನ್ನು ಮದುವಿ ಹೆಣ್ಣಿನ ಹಾಗೆ ಸಿಂಗಾರ ಮಾಡಿದೆ. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ, ಬಾಗಿಲಿಗೆ ಕೆಮ್ಮಣ್ಣು. ಒಳಗಿನ ಖೋಲಿ ಬಾಣಂತಿಗೆ ಅಂತ ಗೊತ್ತುಮಾಡಿ, ಗಾಳಿ ಹೊಗಬಾರದು ಅಂತ ಅದರ ಕಿಂಡಿಗಳಿಗೆ ಚೀಲ ತುರುಕಿ ಸಗಣಿ ಮೆತ್ತಿದೆ. ನಡುವೆ ಹೊಸ ನುಲಿ ಬಿಗಿದ ಹೊರಸು ಹಾಕಿದೆ. ಹೊರಸಿನ ತಲೆದಿಸೆಗೆ ತೊಟ್ಟಿಲು ಕಟ್ಟಲಿಕ್ಕೆ ಜಾಗ ಬಿಟ್ಟೆ.

ನಮ್ಮ ಮನಿಯವರೂ ಸುಮ್ಮನೆ ಇರಲಿಲ್ಲ. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಹಾಳಮಣ್ಣು ಹಾಕುತ್ತಾರೆ. ಹಿಂದಕ್ಕೆ ಹಾಳಾದ ಊರಿನ ದಿಬ್ಬದಿಂದ ತರುವ ಬೂದಿಯಂಥ ಮಣ್ಣು ಅದು. ಮಾಳಿಗೆ ಮೇಲೆ ಹರವಿ ಬಡಿದರೆ ನೀರು ಕೆಳಗೆ ಇಳಿಯುವುದಿಲ್ಲ. ಅವರ ಅಪ್ಪ ಹಾಕಿದರು, ಮುತ್ಯಾ ಹಾಕಿದರು. ಹಳೆಯದರ ಮೇಲೆ ಹೊಸದು ಹಾಕುವುದೇ ಹೊರತು ತೆಗೆದವರು ಯಾರೂ ಇಲ್ಲ. ಆ ವರ್ಷ ಕೂಸು ಬರುತ್ತದಲ್ಲ ಅಂತ ಸಂಭ್ರಮದಲ್ಲಿ ಬಂಡಿ ಮೇಲೆ ಬಂಡಿ ತಂದು ಸುರುವಿದರು. ತಾವೇ ಮೇಲೆ ನಿಂತು, ದಮ್ಮಸು ಅಂತೀವಲ್ಲ, ಮಣ್ಣು ಕುಟ್ಟುವ ಮರದ ಗುಂಡು, ಅದರಿಂದ ಧಬಧಬ ಕುಟ್ಟಿದರು. “ಒಂದು ಹನಿ ಬಿದ್ರ ನನ್ನ ಹೆಸರು ಹೇಳಬ್ಯಾಡ” ಅಂದರು.

ಇಂಜಿನಿಯರ್ ಸಾಹೇಬರು ಅಳಿಯನನ್ನು ಹಿಂದೆ ಕೂರಿಸಿಕೊಂಡು ಫಟಫಟಿಯಲ್ಲಿ ಬಂದರು. ಎತ್ತಿನಂಥ ಹೆಗಲು, ಸಣ್ಣ ಕಣ್ಣು. ಹೆಗಲಿಗೆ ಕ್ಯಾನ್ವಾಸ್ ಚೀಲ. ಅದರಲ್ಲಿ ಸುತ್ತಿಗೆ, ಬ್ಯಾಟರಿ, ಅಳತಿ ಪಟ್ಟಿ, ನೂಲಿಗೆ ಕಟ್ಟಿದ ಗುಂಡು, ಕೈಯುದ್ದದ ಸ್ಕ್ರೂಡ್ರೈವರ್. ಪಡಸಾಲೆಯಲ್ಲಿ ಜಮಖಾನಿ ಹಾಸಿ ಕೆಂಪು ಬಾಳೆಹಣ್ಣು ಇಟ್ಟಿದ್ದೆ. ಕೂರಲೇ ಇಲ್ಲ.

“ಅವ್ವಾರ, ಹಣ್ಣು ಆಮ್ಯಾಲ ತಿಂತೀನಿ. ಮೊದಲೇ ತಿಂದ್ರ ಬಯ್ಯಾಕ ಬಾಯಿ ಬರಂಗಿಲ್ಲ.”

ಬಯ್ಯಲಿಕ್ಕೇ ಬಂದವ ಇವ ಅಂತ ಅಲ್ಲೇ ಗೊತ್ತಾಯಿತು. ಒಳಗೆ ಬಾರದೆ ಮನಿ ಸುತ್ತಲೂ ತಿರುಗಿದರು. ಬಚ್ಚಲ ನೀರು ಗೋಡೆಗುಂಟ ಹರಿಯುವ ಕಡೆ ನಿಂತು ಬೂಟುಗಾಲಲ್ಲಿ ಒದ್ದರು. ಕಲ್ಲಿನ ಸಂದಿಯಿಂದ ಮಣ್ಣು ಹಿಟ್ಟಿನ ಹಾಗೆ ಉದುರಿತು. ಇನ್ನೊಮ್ಮೆ ಒದ್ದರು. ಒಂದು ಕಲ್ಲು ಹಲ್ಲಿನ ಹಾಗೆ ಅಲುಗಿತು.

“ಯಾಕ ಒದೀತಿ?” ಅಂದರು ನಮ್ಮ ಮನಿಯವರು.

“ನಾ ಒದ್ರ ಕಲ್ಲು ಅಲಗ್ತದ ಮಾಲಕರ. ಭೂಮಿ ಒದ್ರ?”

ಒಳಗೆ ಬಂದು ಬೆಳ್ಳಗಿನ ಗೋಡೆ ನೋಡಿ, ಸುಣ್ಣ ಯಾವಾಗ ಬಳಿದಿರಿ ಅಂತ ಕೇಳಿದರು. “ನಿನ್ನೆ ರೀ, ನೀವು ಬರ್ತೀರಂತ” ಅಂದೆ, ಹೊಗಳುತ್ತಾರೆ ಅಂದುಕೊಂಡು. ಅವರು ಹಣೆ ಹಣೆ ಬಡಿದುಕೊಂಡರು. “ಡಾಕ್ಟರ್ ಬರ್ತಾನಂತ ಗಾಯಕ್ಕ ಪೌಡರ್ ಹಚ್ಚಿದಂಗ ಆತಲ್ರಿ ಅವ್ವಾರ!” ಅಂತ ಸ್ಕ್ರೂಡ್ರೈವರ್ ತೆಗೆದು ನನ್ನ ಸುಣ್ಣವನ್ನು ಮೀನಿನ ಹುರುಪಿ ತೆಗೆದ ಹಾಗೆ ಕೆರೆಯಲಿಕ್ಕೆ ಹತ್ತಿದರು. ಒಳಗಿನ ಬಿರುಕು ಬಾಯಿ ತೆರೆದವು. ನೆಟ್ಟಗೆ ಇಳಿದದ್ದು ಸಣ್ಣ ರೋಗ, ಮೆಟ್ಟಿಲ ಹಾಗೆ ಸೊಟ್ಟ ಇಳಿದದ್ದು ದೊಡ್ಡ ರೋಗ ಅಂದರು. ನಮ್ಮಲ್ಲಿ ಎರಡೂ ಇದ್ದವು. ಆಮೇಲೆ ಸುತ್ತಿಗೆ. ಗಟ್ಟಿ ಇದ್ದಲ್ಲಿ ಟಣ್ ಅಂತಿತ್ತು, ಪೊಳ್ಳಿದ್ದಲ್ಲಿ ಡಬ್ ಅಂತಿತ್ತು. ಡಬ್ ಅಂದಲ್ಲೆಲ್ಲ ಮತ್ತೊಂದು ಹಾಕುತ್ತಿದ್ದರು, ಗೋಡೆ ಮೇಲಿನ ಗಿಲಾಯಿ ಹಪ್ಪಳದ ಹಾಗೆ ಕಳಚಿ ಬೀಳುತ್ತಿತ್ತು. ನನ್ನ ಅತ್ತೆ ಕೈಯಾರೆ ಮೆತ್ತಿದ ಗೋಡೆ ಅದು. ಒಂದೊಂದು ಏಟೂ ನನ್ನ ಬೆನ್ನಿಗೇ ಬಿದ್ದಂಗಾಗುತ್ತಿತ್ತು.

ಇಂಥ ತಪಾಸಣಿ ನಿಮ್ಮ ಮನಿಗೂ ಬಂದರೆ ಮುಖ ಕೆಡಿಸಿಕೊಳ್ಳಬೇಡಿ. ಬಂದವರು ಬೀಗರಲ್ಲ. ದೇವರ ಖೋಲಿಗೂ ಬರುತ್ತಾರೆ, ಜ್ವಾಳದ ಚೀಲ ಸರಿಸಿ ಮೂಲೆ ನೋಡುತ್ತಾರೆ, ಬಾಗಿಲು ಯಾಕೆ ಬಿಗಿ ಹಿಡಿದಿದೆ ಅಂತ ಜಾಡಿಸಿ ಒದೆಯುತ್ತಾರೆ, ಹಸಿ ಗೋಡೆಗೆ ಕರೆಂಟಿನ ವಾಯರ್ ಯಾಕೆ ಅಂತ ಕಿತ್ತು ಕೈಗೆ ಕೊಡುತ್ತಾರೆ. ಕೇಳಿದ್ದಕ್ಕೆ ಖರೇ ಹೇಳಿ, ಒಂದು ಗಟ್ಟಿ ನಿಚ್ಚಣಿಕೆ ಕೊಡಿ. ಸುಣ್ಣ ಮಾತ್ರ ಬಳಿಯಬೇಡಿ.

ಸಾಹೇಬರು ಬಾಣಂತಿ ಖೋಲಿಗೆ ಬಂದರು. ಕತ್ತಲಿತ್ತು. ನಾನು ಮೆತ್ತಿದ್ದ ಕಿಂಡಿ ಕಂಡು ನಮ್ಮದೇ ಹಾರಿ ತಗೊಂಡು ಒಂದೇ ಏಟಿಗೆ ಸಗಣಿ, ಚೀಲ ಎಲ್ಲ ಆಚೆ ಹಾರಿಸಿದರು. ನಮ್ಮ ಮನಿಯವರು ಹಾರಿಗೆ ಕೈ ಹಾಕಿದರು.

“ಬಾಣಂತಿ ಖೋಲಿಗಿ ಗಾಳಿ ಹೊಗಸ್ತಿಯಾ? ಮುರದ ಹಾಕ್ತೀನಿ ಕೈಯಿ!”

“ಬೆಳಕಿಲ್ದ ಏನ್ ಕಾಣ್ತದ ನನಗ? ಬಿಡ್ರಿ!”

ಇಬ್ಬರೂ ಹಾರಿಯ ಎರಡು ತುದಿ ಹಿಡಿದು ಜಗ್ಗಾಡಿದರು. ಹಾರಿ ತಿರುಗಿ ದೀಪದ ಗೂಡಿಗೆ ಬಡಿದು ಗೂಡು ಒಡೆಯಿತು. ಅಳಿಯ ನಡುವೆ ಬಂದು ಬಿಡಿಸಿದ. ಸಾಹೇಬರು ನಿಚ್ಚಣಿಕೆ ಹತ್ತಿ ತೊಲಿ ಬಡಿಯುತ್ತಾ ಹೋದರು. ಮೊದಲನೆಯದು ಗಟ್ಟಿ ಸದ್ದು ಕೊಟ್ಟಿತು. ಹೊರಸಿನ ನೇರಕ್ಕೆ ಇದ್ದ ನಡುವಿನ ತೊಲಿ ಖಾಲಿ ಡಬ್ಬಿಯ ಹಾಗೆ ಸದ್ದು ಮಾಡಿತು. ತೊಲಿ ಗೋಡೆಯೊಳಗೆ ಹೊಗುವ ಕಡೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದರು. ಬೆಣ್ಣೆಯಲ್ಲಿ ಹೋದ ಹಾಗೆ ಹಿಡಿ ತನಕ ಹೋಯಿತು. ಎಳೆದಾಗ ಅದರ ಹಿಂದೆ ಹುಡಿ ಸುರಿಯಿತು, ಹುಡಿಯೊಳಗೆ ಬಿಳಿ ಗೆದ್ದಲು ಹರಿದಾಡುತ್ತಿದ್ದವು. ಎಣ್ಣಿ ಹಚ್ಚಿ ಹಚ್ಚಿ ಮೇಲೆ ಮಿರಮಿರ ಮಿಂಚುತ್ತಿದ್ದ ತೊಲಿ ಅದು.

“ಮ್ಯಾಲ ಎಷ್ಟು ಮಣ್ಣದ?”

ನಮ್ಮ ಮನಿಯವರು ಎದೆ ಉಬ್ಬಿಸಿದರು. “ಈ ವರ್ಷ ಮೂರು ವರ್ಷದ್ದು ಒಮ್ಮೆ ಹಾಕೀನಿ. ಕೂಸಿನ ಮ್ಯಾಲ ಹನಿ ಬೀಳಬಾರದಂತ. ಮೊಣಕಾಲ ಮ್ಯಾಲ ಬರ್ತದ.”

ಸಾಹೇಬರು ಸದ್ದಿಲ್ಲದೆ ಕೆಳಗೆ ಇಳಿದರು. ಅಷ್ಟೊತ್ತು ಒದರುತ್ತಿದ್ದ ಮನುಷ್ಯ ಮೆಲ್ಲಗೆ ಮಾತಾಡಿದ್ದು ಕೇಳಿಯೇ ನನಗೆ ಅಂಜಿಕೆ ಆಯಿತು. “ಎಲ್ಲಾರೂ ಅಂಗಳಕ್ಕ ನಡೀರಿ. ಜೋರಾಗಿ ಕಾಲ ಇಡಬ್ಯಾಡ್ರಿ.”

ಅಂಗಳದಲ್ಲಿ ನಿಂತು ಹೇಳಿದರು: ಮಣ್ಣು ಎಲ್ಲ ಇಳಿಸಬೇಕು, ತೊಲಿ ತೆಗೀಬೇಕು, ಮಳೆ ನೀರು ಕುಡಿದು ಮಣ್ಣು ಇನ್ನೂ ಭಾರ ಆದರೆ ಆ ಖೋಲಿ ಉಳಿಯುವುದಿಲ್ಲ, ಅದರೊಳಗೆ ಇರುವವರೂ ಉಳಿಯುವುದಿಲ್ಲ.

ನಾನು ಅಳಿಯನ ಮುಖ ನೋಡಿದೆ. ಬಿಳಿಚಿಕೊಂಡಿತ್ತು. “ಮಾವಾರ,” ಅಂದ, “ನನ್ನ ಹೆಂಡ್ತಿನ್ನ ಈ ಮನಿಗಿ ಕಳಸಂಗಿಲ್ಲ.”

ನಮ್ಮವರ ಕೈ ಎದ್ದದ್ದು ನನಗೆ ಕಾಣಲಿಲ್ಲ, ಸಪ್ಪಳ ಮಾತ್ರ ಕೇಳಿತು. ಅಳಿಯ ಅಂದರೆ ಬಂದ ಕೂಡಲೇ ಕಾಲಿಗೆ ನೀರು ಕೊಟ್ಟು, ಹಾಸಿಗೆ ಹಾಸಿ, ದೇವರ ಹಾಗೆ ಕೂರಿಸುವ ಪದ್ಧತಿ ನಮ್ಮದು. ಆ ಕೆನ್ನೆ ಮೇಲೆ ಐದು ಬೆರಳು ಮೂಡಿದವು. ಪೌಳಿ ಗೋಡೆ ಮೇಲಿಂದ ಇಣುಕುತ್ತಿದ್ದ ನೆರೆಮನಿ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು.

ಅಳಿಯ ಕದಲಲಿಲ್ಲ. ಸಾಹೇಬರು ಮಾತ್ರ ಕದಲಿದರು. ನಮ್ಮವರ ಅಂಗಿಯ ಎದೆ ಹಿಡಿದು ಕಂಬಕ್ಕೆ ಒತ್ತಿದರು. ನಮ್ಮವರು ಅವರ ಮೊಣಕಾಲಿಗೆ ಒದ್ದರು, ಅವರು ತಿರುವಿ ಕೆಡವಿದರು, ಇಬ್ಬರೂ ತುಳಸಿಕಟ್ಟೆಗೆ ಬಡಿದು ಉರುಳಿದರು. ಸಾಹೇಬರ ತುಟಿ ಒಡೆದು ರಕ್ತ ಬಂತು. ನಾನು ಕಸಬರಿಗೆ ತಗೊಂಡು ಯಾರಿಗೆ ಬೀಳುತ್ತದೋ ನೋಡದೆ ಇಬ್ಬರಿಗೂ ಬಾರಿಸಿದೆ. “ಒಳಗ ಮಗಳ ಹೊರಸು ಹಾಸೀನಿ, ಹೊರಗ ನೀವು ಹೆಣ ಕೆಡುವಾಕತ್ತೀರಿ! ಬಿಡ್ರಿ, ಬಿಡ್ರಿ!” ಅಂತ ಒದರಿದೆ. ಬಿಟ್ಟರು.

ಬಿಟ್ಟವರು ಸುಮ್ಮನಾಗಬೇಕಲ್ಲ. ನಮ್ಮವರು ಮಣ್ಣು ಝಾಡಿಸಿಕೊಂಡು ಮೂಲೆಯಲ್ಲಿದ್ದ ದಮ್ಮಸು ಹೆಗಲಿಗೆ ಹಾಕಿದರು, ಹೊರಗಿನ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದರು. ಮೇಲಿನಿಂದ ಕೂಗಿದರು: “ನಮ್ಮ ಮುತ್ಯಾ ಹಾಕಿದ ತೊಲಿ ಇದು! ನಾ ಇದರ ಮ್ಯಾಲ ಕುಣೀತೀನಿ. ನೋಡು, ಕಣ್ಣು ತುಂಬಾ ನೋಡು! ಬೀಳ್ಲಿಲ್ಲಂದ್ರ ನಾಳಿಗೇ ನನ್ನ ಮಗಳು ಮನಿಗಿ ಬರಬೇಕು!”

“ಇಳೀರಿ ಮಾಲಕರ! ನಡುವ ನಿಲ್ಲಬ್ಯಾಡ್ರಿ, ಗ್ವಾಡಿ ಮ್ಯಾಲಾದ್ರೂ ಬರ್ರಿ!” ಸಾಹೇಬರು ಒದರಿದರು.

“ಮಾವಾರ, ಕೈ ಮುಗೀತೀನಿ!” ಅಳಿಯ.

ನಾನು ಗಂಡನ ಹೆಸರು ಹಿಡಿದು ಕರೆದವಳಲ್ಲ. ಅವತ್ತು ಹೆಸರು ಬಾಯಿ ತನಕ ಬಂತು. ಅಷ್ಟರಲ್ಲಿ ಅವರು ದಮ್ಮಸು ಎತ್ತಿ ಕುಕ್ಕಿದರು, ಜೊತೆಗೆ ತಾವೂ ಜಿಗಿದರು. ಧೂಳು ಎದ್ದಿತು, ಮತ್ತೇನಾಗಲಿಲ್ಲ. “ಬಿತ್ತೇನು? ಬಿತ್ತೇನು?” ಅಂತ ನಕ್ಕರು. ಮತ್ತೆ ಜಿಗಿದರು. ಬಂದೂಕು ಹಾರಿದ ಹಾಗೆ ಒಂದು ಸದ್ದು. ಅವರ ಮುಖದ ನಗು ಇನ್ನೂ ಹಾಗೇ ಇತ್ತು. ನಗುವಿನ ಸಮೇತ ಕೆಳಗೆ ಹೋದರು. ರುಮಾಲು ಒಂದು ಕ್ಷಣ ಕಂಡಿತು, ಆಮೇಲೆ ಅದೂ ಇಲ್ಲ. ಬಾಗಿಲಿನಿಂದ, ಕಿಂಡಿಯಿಂದ ಧೂಳು ನುಗ್ಗಿ ಬಂದು ಅಂಗಳವೆಲ್ಲ ಕತ್ತಲಾಯಿತು. ಗೋಡೆಯ ಕಲ್ಲು ಒಂದರ ಮೇಲೊಂದು ಬೀಳುವ ಸದ್ದು ನಿಲ್ಲಲೇ ಇಲ್ಲ.

ಮೊದಲು ಒಳಗೆ ಓಡಿದವ ನನ್ನ ಅಳಿಯ. ಕೆನ್ನೆಯ ಬೆರಳ ಗುರುತು ಇನ್ನೂ ಕೆಂಪಗಿತ್ತು. ಹಿಂದೆಯೇ ಸಾಹೇಬರು, “ಮೂಲಿ ಹಿಡದು ಹೋಗು! ನಡುವ ಹೋಗಬ್ಯಾಡ, ಮೂಲಿ ಹಿಡಿ!” ಅಂತ ಕೂಗುತ್ತಾ. ನಾನೂ ಹೋದೆ. ನಮ್ಮವರು ತಾವೇ ತಂದು ಹಾಕಿದ ಮಣ್ಣಿನಲ್ಲಿ ಎದೆ ತನಕ ಹೂತಿದ್ದರು, ಮುಖ ಬೂದಿ ಬಳಿದ ಸಾಧುವಿನ ಹಾಗಿತ್ತು. ಮೂವರೂ ಕೈಯಿಂದಲೇ ಅಗೆದೆವು. ಉಗುರು ಕಿತ್ತು ರಕ್ತ ಬಂದದ್ದು ಆಮೇಲೆ ಗೊತ್ತಾಯಿತು. ಅಳಿಯ ಮುರಿದ ತೊಲಿಗೆ ಹೆಗಲು ಕೊಟ್ಟು ಎತ್ತಿದ, ಸಾಹೇಬರು ಕಂಕುಳಿಗೆ ಕೈ ಹಾಕಿ ಎಳೆದರು. ಬಲಗಾಲು ತಿರುಗಬಾರದ ಕಡೆ ತಿರುಗಿತ್ತು. ಮೇಲಿನಿಂದ ಮಣ್ಣಿನ ಜೊತೆ ಬಂದಿದ್ದಕ್ಕೆ ಜೀವ ಉಳಿಯಿತು ಅಂತ ಸಾಹೇಬರು ಹೇಳಿದರು.

ಕೆಳಗೆ ಇದ್ದರೆ? ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಹೊರಸಿನ ಕಾಲು ನಾಲ್ಕೂ ನಾಲ್ಕು ದಿಕ್ಕಿಗೆ ಸೀಳಿ, ನಡುವೆ ತೊಲಿ ಕೂತಿತ್ತು. ಮಗಳ ತಲೆಗೆ ಅಂತ ನಾನು ಇಟ್ಟಿದ್ದ ದಿಂಬು ಹರಿದು ಹತ್ತಿ ಹಾರುತ್ತಿತ್ತು. ತೊಟ್ಟಿಲಿಗೆ ಬಿಟ್ಟ ಜಾಗದಲ್ಲಿ ಎರಡು ಆಳು ಎತ್ತಲಾರದಂಥ ಕಲ್ಲು.

ನಮ್ಮವರು ಅದನ್ನು ನೋಡಿದರು. ಆಮೇಲೆ ಬಾಯಿಯ ಮಣ್ಣು ಉಗುಳಿ ಅಳಿಯನ ಕಡೆ ತಿರುಗಿದರು.

“ಭಾಳ ಹತ್ತಿತೇನಪಾ?”

“ಕಾಲು ಮುರದದ ಮಾವಾರ ನಿಮ್ದು. ನನ್ನ ಕೆನ್ನಿ ಏನೂ ಮುರದಿಲ್ಲ. ಸುಮ್ನ ಇರ್ರಿ.”

ಆಗ ಅತ್ತರು ನಮ್ಮವರು. ಮದುವಿಯಾಗಿ ಅಷ್ಟು ವರ್ಷಕ್ಕೆ ಅವತ್ತೇ ಮೊದಲು ನೋಡಿದೆ.

ಕಲಬುರಗಿಗೆ ಜೀಪಿನಲ್ಲಿ ಒಯ್ದು ಸೇಡಂ ರಸ್ತೆಯ ದವಾಖಾನಿಯಲ್ಲಿ ಕಾಲಿಗೆ ಪಟ್ಟಿ ಹಾಕಿಸಿದೆವು. ಮಗಳು ಏಳು ತಿಂಗಳ ಹೊಟ್ಟಿ ಹೊತ್ತುಕೊಂಡು ಬಂದು ಅಪ್ಪನನ್ನು ಬಾಯಿಗೆ ಬಂದ ಹಾಗೆ ಬೈದಳು, ಬೈಯುತ್ತಾ ಗಂಜಿ ಕುಡಿಸಿದಳು. ನಾನು ಅಳಿಯನನ್ನು ಬಾಗಿಲ ಹೊರಗೆ ಕರೆದು, ಸೆರಗು ಸರಿಮಾಡಿಕೊಂಡು ಕೇಳಿಯೇ ಬಿಟ್ಟೆ.

“ಮಗಳನ್ನ ಕಳಸ್ತೀರೋ ಇಲ್ಲೋ ನನಗ?”

“ಛತ್ತೇ ಇಲ್ಲಲ್ರಿ ಅತ್ತಿ ಈಗ. ಎಲ್ಲಿಗಿ ಕಳಸ್ಲಿ?”

“ಛತ್ತ ಹಾಕ್ಸಿದ್ರ?”

ಅವ ನೆಲ ನೋಡಿದ. “ಸಾಹೇಬರು ಹೂಂ ಅಂದ್ರ, ಅವತ್ತೇ.”

ಇಷ್ಟು ಸಾಕಿತ್ತು ನನಗೆ. ಉಳಿದ ಮಾಳಿಗೆಯನ್ನೂ ಒಡೆಸಿದೆ. ಗೌಂಡಿಗಳು ಗೋಡೆಗೆ ಘನ ಅನ್ನುವ ದೊಡ್ಡ ಸುತ್ತಿಗೆ ಹೊಡೆಯುವಾಗ ಒಬ್ಬನ ಕೈಯಿಂದ ಕಸಿದುಕೊಂಡು ನಾನೂ ಹೊಡೆದೆ. ಯಾವ ಗೋಡೆಗೆ ಏಟು ಬಿದ್ದರೆ ಬೆನ್ನು ನೋಯುತ್ತಿತ್ತೋ ಅದೇ ಗೋಡೆಗೆ ಹಲ್ಲು ಕಚ್ಚಿ ಹೊಡೆದೆ. ಕೂಸಿನ ಮೇಲೆ ಬೀಳಬೇಕು ಅಂತ ಕಾದು ನಿಂತಿದ್ದ ಪ್ರತಿ ಕಲ್ಲಿಗೂ ಬೈದೆ. “ಅವ್ವಾರ, ಮನಿ ಹೊಡೀತೀರೋ ಸವತಿಗಿ ಹೊಡೀತೀರೋ?” ಅಂತ ಗೌಂಡಿಗಳು ನಗುತ್ತಿದ್ದರು. ನಮ್ಮವರು ಬೇವಿನ ಗಿಡದ ಕೆಳಗೆ ಇನ್ನೊಂದು ಹೊರಸಿನ ಮೇಲೆ ಕಾಲು ಚಾಚಿ ಮಲಗಿ ಎಲ್ಲರಿಗೂ ಬಯ್ಯುತ್ತಿದ್ದರು. ಹಾಳಮಣ್ಣು ಬಂಡಿಯಲ್ಲಿ ಹೊರಗೆ ಹೋಗುವಾಗ ಮಾತ್ರ ಆಚೆ ಮುಖ ಮಾಡಿದರು.

ಸಾಹೇಬರು ತುಟಿಗೆ ಹೊಲಿಗೆ ಹಾಕಿಸಿಕೊಂಡೇ ಬಂದರು. ಬುನಾದಿ ಬಗೆಸಿ ನೋಡಿದರು, ಬಚ್ಚಲ ನೀರಿಗೆ ದೂರ ದಾರಿ ಮಾಡಿಸಿದರು, ಸಿಮಿಟಿನಲ್ಲಿ ಗೋಡೆ ಎತ್ತಿಸಿದರು. ಮೂಲೆಗೆ ಮೂಲೆ ಕಟ್ಟುವ ಕಬ್ಬಿಣ ಇಡದೆ ಮುಂದೆ ಹೋಗಿದ್ದಕ್ಕೆ, ಕಟ್ಟಿದ ಎರಡು ಸಾಲು ಒದ್ದು ಕೆಡವಿದರು. ಮೇಲೆ ಕಬ್ಬಿಣದ ಗರ್ಡರ್, ಅದರ ಮೇಲೆ ಶಹಾಬಾದ ಕಲ್ಲಿನ ಪರ್ಸಿ. ಎಲ್ಲ ಮುಗಿದ ಮೇಲೆ ಛತ್ತಿನ ಮೇಲೆ ನೀರು ನಿಲ್ಲಿಸಿ, ಕೆಳಗೆ ಅಂಗೈ ಒಡ್ಡಿ ಮೂಲೆ ಮೂಲೆ ತಿರುಗಿದರು. ನಾನು ಅವರ ಹಿಂದೆ ಹಿಂದೆ ಉಸಿರು ಹಿಡಿದುಕೊಂಡು ತಿರುಗಿದೆ. ಕಡೆಗೆ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು “ತರ್ರಿ ಹಣ್ಣು” ಅಂದರು. ಬುಟ್ಟಿಯನ್ನೇ ಮುಂದಿಟ್ಟೆ. ಅಳಿಯ ಅದೇ ಸಂಜಿ ಮಗಳನ್ನು ತಂದು ಬಿಟ್ಟ.

ಹುಟ್ಟಿದ್ದು ಹೆಣ್ಣು. ನನ್ನ ಬಂಗಾರ, ನನ್ನ ಗೌರಿ, ನನ್ನ ಕೆಂಪು ಬಾಳೆಹಣ್ಣು! ಊರಿಗೆಲ್ಲ ಸಕ್ಕರಿ ಹಂಚಿದೆ, ಹಂಚಿದ ಮನಿಗೇ ಮತ್ತೆ ಹೋಗಿ ಹಂಚಿದೆ. ಮೊದಲ ನೀರು ಹಾಕುವ ದಿನ ಹೊಸ ಖೋಲಿಯಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಬಿಸಿ ಎಣ್ಣಿ ಸುರಿದು ತಿಕ್ಕಿದೆ. ಕೈ ಎಳೆದೆ, ಕಾಲು ಎಳೆದೆ, ಬೆನ್ನು ತಟ್ಟಿದೆ, ಮೂಗು ನೀವಿದೆ. ಆಕೆ ಬಾಯಿ ಬಡಿದುಕೊಂಡು ಕಿರುಚಿದಳು, ಮುಷ್ಟಿ ಕಟ್ಟಿ ಗಾಳಿಗೆ ಗುದ್ದಿದಳು, ನನ್ನ ಗದ್ದಕ್ಕೆ ಬಿಗಿದು ಒದ್ದಳು. ಎಂಥಾ ಒದೆ ಅಂತೀರಿ! ಹಲ್ಲು ಅಲುಗಿದವು.

ಹೊರಗೆ ನಮ್ಮವರು ಕೋಲೂರಿಕೊಂಡು ಕುಂಟುತ್ತಾ ಬಂದು ಬಾಗಿಲು ಗುದ್ದತೊಡಗಿದರು. “ಏಯ್, ಕೂಸಿಗಿ ಕೊಲ್ಲಾಕತ್ತಿಯೇನು? ಬಾಗಲಾ ತಗಿ! ಒಡೀತೀನಿ ನೋಡು!”

“ಒಡೀರಿ ನೋಡೂನು!” ಅಂದೆ. “ಈ ಬಾಗಲಾ ಒಡಿಯಂಗಿಲ್ಲ!”

ಮಗಳು ನಗುತ್ತಾ ಅಗಳಿ ತೆಗೆದಳು. ನಮ್ಮವರು ಒಳಗೆ ನುಗ್ಗಿ ಕೂಸಿಗೆ ಕೈ ಚಾಚಿದರು. ತಂಬಿಗೆ ತುಂಬಾ ನೀರು ಎತ್ತಿ ಅವರ ಮುಖಕ್ಕೆ ಎರಚಿದೆ. ಮೀಸೆಯಿಂದ ನೀರು ತೊಟ್ಟಿಕ್ಕುತ್ತಾ ನಿಂತ ಆ ಮುತ್ಯಾನ ಕಡೆ ನನ್ನ ಮೊಮ್ಮಗಳು ಒಮ್ಮೆ ತಿರುಗಿ ನೋಡಿದಳು, ಉಸಿರು ಎಳೆದುಕೊಂಡಳು, ಮತ್ತೆ ಮೊದಲಿಗಿಂತ ಜೋರಾಗಿ ಕಿರುಚಿದಳು.